ಬಣವೆಯ ನೆರಳು ಕಪ್ಪಲ್ಲ

ನಮ್ಮ ಕಾರ್ಯಾಲಯದ ಗೋಡೆಯಲ್ಲಿ ಈ ವರ್ಷ ತೂಗುತ್ತಿರುವ ಕ್ಯಾಲೆಂಡರಿನಲ್ಲಿ ಫ್ರಾನ್ಸ್ ದೇಶದ ಚಿತ್ರಕಾರ ಕ್ಲೋದ್ ಮೊನೆಯ ಕೃತಿಯೊಂದರ ಪ್ರತಿಯಿದೆ: ಶರತ್ಕಾಲದ ಸಂಜೆಯಲ್ಲಿ ಕಂಡ ಗೋಧಿಯ ಬಣವೆಗಳು. ಹೋಟೆಲಿನಲ್ಲಿ ದುಡಿಯುವ ತರುಣನೋರ್ವನು ಕಳೆದ ವಾರ ಅದನ್ನು ನೋಡಿ, "ಬಣವೆಯೇನೋ ನಮ್ಮೂರಿನದರಂತೆಯೇ ಇದೆ ಸ್ವಾಮಿ, ಆದರೆ ನೆರಳು ಕಪ್ಪಗಿಲ್ಲವಲ್ಲ?" ಎಂದನು. ಕಲಾಪಂಡಿತರು ಕೇಳತಕ್ಕ ಪ್ರಶ್ನೆಯನ್ನೇ ಅವನು ಕೇಳಿದನು.

ಮೊನೆ 1883ರಿಂದ ಜಿವೆರ್ನಿ ಎಂಬ ಹಳ್ಳಿಯಲ್ಲಿ ವಾಸವಾಗಿದ್ದನು. ಅಲ್ಲಿಯ ರೈತರು ಕೊಯ್ದ ಗೋಧಿಯನ್ನು ಒಕ್ಕಣೆಯಾಗುವವರೆಗೆ ಕಾಪಾಡಲೆಂದು 15ರಿಂದ 20 ಅಡಿ ಎತ್ತರದ ಬಣವೆಗಳಾಗಿ ಒಟ್ಟುತ್ತಿದ್ದರು. 1890ರ ಬೇಸಗೆಯ ಕೊನೆಯಿಂದ ಮರುವರ್ಷದವರೆಗೆ ಆತನು ಈ ಬಣವೆಗಳನ್ನೇ ಸುಮಾರು 25 ಬಾರಿ ಚಿತ್ರಿಸಿದನು. ಹಲವು ಪಟಗಳನ್ನು ಒಟ್ಟಿಗೆ ಇರಿಸಿಕೊಂಡು, ಬೆಳಕು ಬದಲಾದೊಡನೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದನು. ಸೂರ್ಯನು ಬಲು ಬೇಗನೆ ಇಳಿಯುವುದರಿಂದ ತನ್ನಿಂದ ಹಿಂಬಾಲಿಸಲಾಗದೆಂದು ಆ ಅಕ್ಟೋಬರಿನಲ್ಲಿ ಮಿತ್ರನಿಗೆ ಬರೆದು ಮರುಗಿದನು. ಬಯಲಿನ ನೆರಳಿನ ಮೇಲೆ ಆಕಾಶದ ಬೆಳಕು ಬೀಳುವುದರಿಂದ ಅದರಲ್ಲಿ ನೀಲಿಯೂ ನೇರಿಳೆಯೂ ಸೇರಿರುತ್ತವೆ. ಆತನು ಕಂಡುದನ್ನೇ ಬರೆದನು.

1874ರಲ್ಲಿ ಈ ಬಗೆಯ ಚಿತ್ರಕಾರರು ಪ್ಯಾರಿಸಿನಲ್ಲಿ ಮೊದಲ ಪ್ರದರ್ಶನವೇರ್ಪಡಿಸಿದಾಗ ವಿಮರ್ಶಕನೊಬ್ಬನು ಹಾಸ್ಯಮಾಡಿ "ಇಂಪ್ರೆಷನಿಸ್ಟರು" ಎಂದು ಕರೆದನು. ಹಾಸ್ಯದ ಹೆಸರೇ ಮುಂದೆ ಗೌರವದ ಹೆಸರಾಯಿತು. ಬಣವೆಯ ಚಿತ್ರಗಳಲ್ಲೊಂದು 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಮಿಕ್ಕಿದ ಬೆಲೆಗೆ ಹೋಯಿತು.

ಈ ಬೆಲೆಯನ್ನು ಕೇಳಿ, ಕಲೆಯೆಂಬುದು ಸಿರಿವಂತರ ಸೊತ್ತೆಂದು ನಮ್ಮ ಬಾಂಧವರು ದೂರ ಸರಿಯಬಾರದೆಂಬುದೇ ನಮ್ಮ ಅಭಿಪ್ರಾಯ. ಪಟವನ್ನು ಕೊಳ್ಳಲು ಹಣ ಬೇಕು; ನೆರಳಿನ ಬಣ್ಣವನ್ನು ಕಾಣಲು ಹಗಲಿನಲ್ಲಿ ಒಂದಿಷ್ಟು ಬಿಡುವು ಸಾಕು. ಆ ಬಿಡುವೇ ನಮ್ಮವರಿಗೆ ದುರ್ಲಭವಾಗಿದೆ. ನಾವೂ ಹಲವು ವರ್ಷ ಹೋಟೆಲಿನ ಗಲ್ಲೆಯ ಮೇಲೆ ಕುಳಿತವರು. ನಸುಕಿನಲ್ಲಿ ಒಲೆ ಹಚ್ಚಿದ ಹುಡುಗನು ರಾತ್ರಿ ಬಾಗಿಲು ಹಾಕಿದ ಮೇಲೆಯೇ ಬೀದಿಗೆ ಬರುತ್ತಿದ್ದನು. ಅವನಿಗೆ ಊಟವನ್ನೂ ಸಂಬಳವನ್ನೂ ಕೊಟ್ಟೆವು; ಸೂರ್ಯನ ಬೆಳಕನ್ನು ಕೊಡಬೇಕೆಂದು ನಮಗೆ ಹೊಳೆಯಲಿಲ್ಲ. ಆ ಬಾಕಿ ನಮ್ಮ ಲೆಕ್ಕದಲ್ಲಿ ಇನ್ನೂ ತೀರಿಲ್ಲ.

ಆದುದರಿಂದ ಮಾಲೀಕ ಬಂಧುಗಳಲ್ಲಿ ನಮ್ಮ ವಿನಂತಿಯಿದು: ವಾರದ ರಜೆಯನ್ನು ಪೂರ್ತಿಯಾಗಿ ಕೊಡಿರಿ, ದಿನವೂ ಹೊತ್ತು ಮುಳುಗುವ ಮುನ್ನ ಒಂದು ಗಂಟೆಯಾದರೂ ಕೆಲಸಗಾರರನ್ನು ಸರದಿಯಂತೆ ಹೊರಗೆ ಬಿಡಿರಿ. ಕೆಲಸಗಾರರಲ್ಲಿಯೂ ಗುಮಾಸ್ತರಲ್ಲಿಯೂ ಒಂದು ಮಾತು: ದೊರೆತ ರಜೆಯನ್ನೆಲ್ಲ ನಿದ್ದೆಗೇ ಒಪ್ಪಿಸಬೇಡಿರಿ. ಈ ಮುಂಬಯಿಯ ಕಾಳಾಘೋಡಾದಲ್ಲಿ 1952ರಲ್ಲಿ ತೆರೆದ ಜಹಾಂಗೀರ್ ಕಲಾಮಂದಿರಕ್ಕೆ ಪ್ರವೇಶಶುಲ್ಕವಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಇದೇ ನಗರಕ್ಕೆ ಬಂದು ಚಿತ್ರಕಲೆ ಕಲಿತು, ಮುಂದೆ ಪ್ಯಾರಿಸಿನಲ್ಲಿಯೂ ಅಭ್ಯಾಸಮಾಡಿ ಹೆಸರಾದರು. ಅಂಥ ಕಣ್ಣು ನಮ್ಮ ನೆಲದಲ್ಲಿಯೂ ಹುಟ್ಟುತ್ತದೆ.

ಆ ತರುಣನು ಕೊಯ್ಲಿನ ಹೊತ್ತಿಗೆ ಊರಿಗೆ ಹೋಗುವವನಿದ್ದಾನೆ. ಸಂಜೆ ಅಂಗಳದಲ್ಲಿ ನಿಂತು ತನ್ನ ಮನೆಯ ಬಣವೆಯ ನೆರಳು ಯಾವ ಬಣ್ಣದ್ದೆಂದು ನೋಡಿಬಂದು ತಿಳಿಸಲು ಹೇಳಿದ್ದೇವೆ. ಅವನ ಉತ್ತರಕ್ಕಾಗಿ ಕಾದಿದ್ದೇವೆ.