ಅಪ್ಪನ ಕಡೆಯವರನ್ನೂ ವಿಚಾರಿಸಿ

ಸ್ತನ ಕ್ಯಾನ್ಸರ್ ಬಂದವರನ್ನು “ಅಮ್ಮನಿಗೆ ಇತ್ತೇ?” ಎಂದು ಕೇಳುತ್ತಾರೆ. ಇರಲಿಲ್ಲ ಎಂದರೆ, ಇದು ವಂಶದಿಂದ ಬಂದದ್ದಲ್ಲ ಎಂದು ಅಲ್ಲಿಗೇ ಮಾತು ಮುಗಿಸುತ್ತಾರೆ. ಈ ಅವಸರದ ತೀರ್ಮಾನಕ್ಕೆ ಬೆಲೆ ತೆರುವವರು ರೋಗಿಯ ಒಡಹುಟ್ಟಿದವರು ಮತ್ತು ಮಕ್ಕಳು.

ನೂರರಲ್ಲಿ 5ರಿಂದ 10 ಕ್ಯಾನ್ಸರ್‌ಗಳಷ್ಟೇ ಆನುವಂಶಿಕ, ನಿಜ. ಆದರೆ ಅವುಗಳಲ್ಲಿ ಅನೇಕವು ಸುಳಿವು ಕೊಟ್ಟಿರುತ್ತವೆ: 50 ತುಂಬುವ ಮೊದಲೇ ಬಂದ ಸ್ತನದ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್, ಎರಡೂ ಸ್ತನಗಳಲ್ಲಿ ಕ್ಯಾನ್ಸರ್, ಗಂಡಸಿಗೆ ಬಂದ ಸ್ತನ ಕ್ಯಾನ್ಸರ್, ಯಾವ ವಯಸ್ಸಿನಲ್ಲೇ ಆಗಲಿ ಅಂಡಾಶಯದ ಕ್ಯಾನ್ಸರ್. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನಿನ ದೋಷ ತಂದೆಯಿಂದಲೂ ಬರುತ್ತದೆ. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ತಂದೆ ಆರೋಗ್ಯವಾಗಿದ್ದು, ಸೋದರತ್ತೆ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡಿರಬಹುದು. ಅತ್ತೆಯ ಬಗ್ಗೆ ಯಾರೂ ಕೇಳುವುದೇ ಇಲ್ಲ!

ಒಂದೇ ಅಂಗದ ಕ್ಯಾನ್ಸರನ್ನು ಹುಡುಕುವುದೂ ತಪ್ಪು. 1895ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್ ಅವರಿಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ತನ್ನ ಮನೆತನದಲ್ಲಿ ಹಲವರು ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರ್‌ನಿಂದ ಸತ್ತಿದ್ದಾರೆ, ತನಗೂ ಅದೇ ಗತಿ ಎಂದಳು. ಗರ್ಭಕೋಶದ ಕ್ಯಾನ್ಸರೇ ಅವಳನ್ನು ಕೊಂದಿತು. ವಾರ್ತಿನ್ ಅವಳ ಮಾತನ್ನು ಭ್ರಮೆಯೆಂದು ತಳ್ಳಲಿಲ್ಲ. ಆ ಕುಟುಂಬದ ವಿವರ ಕಲೆಹಾಕಿ 1913ರಲ್ಲಿ ಪ್ರಕಟಿಸಿದರು. ಮುಂದೆ ವೈದ್ಯ ಹೆನ್ರಿ ಲಿಂಚ್ ಈ ಅಧ್ಯಯನವನ್ನು ಬೆಳೆಸಿದರು. ಆ ಮನೆತನದ ಆನುವಂಶಿಕ ಕಾಯಿಲೆಗೆ ಈಗ ಅವರದೇ ಹೆಸರು: ಲಿಂಚ್ ಸಿಂಡ್ರೋಮ್. ಅಲ್ಲಿನ ಬೇರೆ ಬೇರೆ ಅಂಗಗಳ ರೋಗಕ್ಕೆ ಒಂದೇ ಬೇರಿದೆ ಎಂದು ಮೊದಲು ಶಂಕಿಸಿದವಳು ಮಾತ್ರ ಆ ದರ್ಜಿ ಹೆಂಗಸು.

ಜೀನಿನ ದೋಷ ಹೊರಬಿದ್ದರೆ ಮನೆತನಕ್ಕೆ ಕಳಂಕ ಬರುತ್ತದೆ, ಹೆಣ್ಣುಮಕ್ಕಳ ಮದುವೆ ನಿಲ್ಲುತ್ತದೆ ಎಂಬ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಸಂಬಂಧ ನೋಡಲು ಬಂದವರು ಏನೇನು ಕೆದಕುತ್ತಾರೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಜೀನ್ ಪರೀಕ್ಷೆ ಒಪ್ಪಿಗೆಯಿಂದ, ಆಪ್ತಸಮಾಲೋಚನೆಯೊಂದಿಗೆ, ಗುಟ್ಟಾಗಿ ನಡೆಯಬೇಕು. ಆದರೆ ಮುಚ್ಚಿಟ್ಟ ಮಾತ್ರಕ್ಕೆ ದೋಷ ಅಳಿಯುವುದಿಲ್ಲ. ಮೊದಲು ರೋಗಿಯಲ್ಲೇ ಅದನ್ನು ಗುರುತಿಸಿದರೆ, ಅಕ್ಕತಂಗಿಯರಿಗೆ ಅದೊಂದೇ ದೋಷವಿದೆಯೇ ಎಂದು ನೋಡಿದರೆ ಸಾಕು. ಇಲ್ಲವೆಂದಾದರೆ ಆ ದೋಷದ ಭಯದಿಂದ ಅವರಿಗೆ ಬಿಡುಗಡೆ.

ಹಣೆಬರಹ ತಿಳಿದು ಮಾಡುವುದೇನು ಎನ್ನುವವರಿಗೆ ಒಂದೇ ಉತ್ತರ: ಕೊಲೊನೋಸ್ಕೋಪಿಯಲ್ಲಿ ಕರುಳಿನೊಳಗೆ ಕಂಡ ಪಾಲಿಪ್ ಎಂಬ ಗಂಟನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆಯಬಹುದು.

ಪ್ರತಿ ಕ್ಯಾನ್ಸರ್ ರೋಗಿಯ ಕೇಸ್ ಶೀಟಿನಲ್ಲೂ ಮೂರು ತಲೆಮಾರಿನ, ಎರಡೂ ಕಡೆಯ ವಿವರ ಇರಲೇಬೇಕು: ಯಾರಿಗೆ, ಯಾವ ಅಂಗಕ್ಕೆ, ಯಾವ ವಯಸ್ಸಿನಲ್ಲಿ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ವೈದ್ಯರು ಕೇಳಬೇಕು, ಮನೆಯ ಹಿರಿಯರು ಮರೆಮಾಚದೆ ಹೇಳಬೇಕು.