ಬಿಸಿಲಿಗೆ ಮರ, ಗುಡುಗಿಗೆ ಮನೆ

ಸೋಲೂರು ಹೋಬಳಿಯ ಬಂಧುಗಳೇ,

‘ಬಿಸಿಗಾಳಿ ಅಂದ್ರೆ ರಾಯಚೂರು, ಕಲಬುರಗಿ ಕಡೆ ಕಣ್ರೀ, ನಮಗೇನು?’ ಎನ್ನುವ ಮಾತು ಪ್ರತಿ ಬೇಸಿಗೆಯಲ್ಲೂ ನಮ್ಮ ಟೀ ಅಂಗಡಿಗಳಲ್ಲಿ ಕೇಳಿಬರುತ್ತದೆ. ಕಾಗದದ ಮೇಲೆ ಅದು ನಿಜವೇ. ಬಯಲಿನ ಊರಿನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಏರಬೇಕು. ಆಗ ಹವಾಮಾನ ಇಲಾಖೆ ಬಿಸಿಗಾಳಿ ಎನ್ನುತ್ತದೆ. ಪಕ್ಕದ ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2ಕ್ಕೆ ಹೋಗಿ ನಿಂತಿತು, 2024ರ ಏಪ್ರಿಲ್ 28ರಂದು 38.5ಕ್ಕೆ. ನಲವತ್ತರ ಗೆರೆ ದಾಟಲಿಲ್ಲ. ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ವ್ಯವಸ್ಥೆ ಇದೆ. (ಫ್ಯಾನಿನ ಕೆಳಗೆ ಕೂತವರ ವೇಳೆ ಬದಲಾಗುತ್ತದೆ, ಕಲ್ಲು ಒಡೆಯುವವರ ವೇಳೆ ಬದಲಾಗುವುದಿಲ್ಲ ಎಂಬುದು ಬೇರೆ ಮಾತು.) ನಮ್ಮ ಕಡೆ ಆ ಸೌಲಭ್ಯವೂ ಇಲ್ಲ, ಆ ಎಚ್ಚರವೂ ಇಲ್ಲ.

ಆದರೆ ಬಿಸಿಲು ಕೊಲ್ಲಲು ನಲವತ್ತೇ ಮುಟ್ಟಬೇಕಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್‌ಘರ್ ಮೈದಾನದಲ್ಲಿ ಪ್ರಶಸ್ತಿ ಸಮಾರಂಭವೊಂದು ನಡೆಯಿತು. ಲಕ್ಷಾಂತರ ಜನ ನೆರಳಿಲ್ಲದೆ ಗಂಟೆಗಟ್ಟಲೆ ಕೂತರು. ಬಿಸಿಲಾಘಾತಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂದು ಅಲ್ಲಿ ಇದ್ದದ್ದು ಸುಮಾರು 38 ಡಿಗ್ರಿ. ಅದು ಕಡಲ ಪಕ್ಕದ ಊರು, ಅಲ್ಲಿ ಸೆಕೆ ಹೆಚ್ಚು, ಒಪ್ಪುತ್ತೇನೆ. ಆದರೆ ನಮ್ಮಲ್ಲೂ ಜಾತ್ರೆ, ತೇರು, ಮದುವೆ, ಪಕ್ಷದ ಸಮಾವೇಶ ಎಲ್ಲ ಬೀಳುವುದು ಇದೇ ತಿಂಗಳುಗಳಲ್ಲಿ, ಇದೇ ಮಧ್ಯಾಹ್ನದಲ್ಲಿ. ಸಮಾವೇಶಕ್ಕೆ ಬಸ್ಸು ಮಾಡಿ ಜನರನ್ನು ಕರೆದೊಯ್ಯುವ ಮುಖಂಡರೇ, ದಯವಿಟ್ಟು ಅದನ್ನು ಬೆಳಗಿನ ತಂಪಿಗೆ ಇಟ್ಟುಕೊಳ್ಳಿ. ಇಲ್ಲವೇ ವೇದಿಕೆಯ ಮೇಲಿರುವಷ್ಟೇ ನೆರಳು ಕೆಳಗೆ ಕೂತವರಿಗೂ ಇರಲಿ.

ನೆರಳಿನ ವಿಷಯದಲ್ಲಿ ನಮಗೆ ಬೇರೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುಲಿಕಲ್ಲು ಇಲ್ಲಿಗೆ ದೂರವೇನಲ್ಲ. ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಆಲದ ಸಸಿ ನೆಟ್ಟು, ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕ ನಮ್ಮ ಮಾಗಡಿ ಸೀಮೆಯವರು. ಆ ಮರಗಳ ಕೆಳಗೆ ಏಪ್ರಿಲ್ ಮಧ್ಯಾಹ್ನದಲ್ಲಿ ಒಮ್ಮೆ ನಡೆದು, ಆಮೇಲೆ ನಾಲ್ಕು ಪಥದ ಹೆದ್ದಾರಿ ಬದಿಯಲ್ಲಿ ಬಸ್ಸಿಗೆ ಕಾದು ನಿಂತವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡಲು ಆ ಮರಗಳಿಗೇ ಕೊಡಲಿ ಬೀಳುವ ಹಾಗಾದಾಗ, ನೂರು ದಾಟಿದ್ದ ಅಜ್ಜಿ ಮುಖ್ಯಮಂತ್ರಿಯವರೆಗೂ ಹೋಗಿ ಕೇಳಿಕೊಳ್ಳಬೇಕಾಯಿತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಇನ್ನು ಕೇಳಬೇಕಾದವರು ನಾವೇ.

ಆದರೆ ಈ ಮರದ ಮಾತಿಗೆ ಒಂದು ತಡೆ ಇದೆ, ನನ್ನ ಮನವಿಯ ತಿರುಳೂ ಅದೇ. ಮಧ್ಯಾಹ್ನ ಮೂರರವರೆಗೆ ನಮ್ಮನ್ನು ಕಾಯುವ ಮರ, ಗುಡುಗು ಕೇಳಿದ ಮರುಗಳಿಗೆ ಕೊಲ್ಲುವ ಮರ. ಬಿಸಿಲು ನೆಲವನ್ನು ಕಾಯಿಸಿದಷ್ಟೂ ಗಾಳಿ ಜೋರಾಗಿ ಮೇಲೇಳುತ್ತದೆ. ಕಡಲ ಕಡೆಯ ತೇವ ಅದಕ್ಕೆ ಸೇರಿದರೆ ನೋಡನೋಡುತ್ತಲೇ ಶಿವಗಂಗೆ ಬೆಟ್ಟದ ಮೇಲೆ ಕಪ್ಪು ಮೋಡ ಒಟ್ಟುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಹೀಗೆಯೇ ಹಗಲೆಲ್ಲ ಬೇಯಿಸಿ ಸಂಜೆಗೆ ಸಿಡಿಲು ತರುತ್ತವೆ. ಮಾವು ಇಳಿಸುವುದೂ ಅದೇ ದಿನಗಳಲ್ಲಿ. ಬಾದಾಮಿ, ರಸಪುರಿ ಕೊಯ್ಯಲು ಬಂದವರು ದೋಟಿ ಹಿಡಿದು ಮರದಡಿಯಲ್ಲೇ ಇರುತ್ತಾರೆ. ಮಳೆ ಬಂದರೆ ಅಲ್ಲೇ ಮುದುಡಿ ನಿಲ್ಲುತ್ತಾರೆ. ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಹೊಲ, ತೋಟಗಳಲ್ಲಿ ದುಡಿಯುವವರು, ದನ ಕುರಿ ಕಾಯುವವರು ಅವರಲ್ಲಿ ಬಹಳ ಮಂದಿ.

ಮಿಂಚು ಕಂಡ ಕೂಡಲೇ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದರ್ಥ. ಕೆಲಸ ಬಿಟ್ಟು ಗಟ್ಟಿ ಕಟ್ಟಡಕ್ಕೆ ಹೋಗಿ. ಶಾಲೆ, ಹಾಲಿನ ಡೇರಿ, ಬಾಗಿಲು ಮುಚ್ಚಿದ ಕಾರು, ಬಸ್ಸು ಆಗುತ್ತವೆ. ಗೋಡೆಯಿಲ್ಲದ ಶೆಡ್ಡು, ತೋಟದ ಗುಡಿಸಲು ಆಗುವುದಿಲ್ಲ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಒಳಗೇ ಇರಿ. ಗುಡುಗಿದಾಗ ಹಿರಿಯರು ‘ಅರ್ಜುನ, ಫಲ್ಗುಣ’ ಎನ್ನುತ್ತಿದ್ದರು. ನಾವೂ ಅನ್ನೋಣ, ಆದರೆ ಒಳಗೆ ಕೂತು ಅನ್ನೋಣ. ಮರಕ್ಕೆ ಕಟ್ಟಿದ ಹಸುವನ್ನು ಮೋಡ ಕಟ್ಟುವ ಮೊದಲೇ ಬಿಚ್ಚಿ ಕೊಟ್ಟಿಗೆಗೆ ಸೇರಿಸಿ. ಗುಡುಗು ಶುರುವಾದ ಮೇಲೆ ಅದಕ್ಕಾಗಿ ಓಡಬೇಡಿ. ಮೊಬೈಲ್ ಇರುವ ಹುಡುಗರು, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ, ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಹಾಕಿಕೊಂಡು ಮನೆಯ ಹಿರಿಯರಿಗೂ ತೋರಿಸಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಹೆದರಿ ದೂರ ನಿಲ್ಲಬೇಡಿ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆ ಒತ್ತುತ್ತಾ 108ಕ್ಕೆ ಕರೆ ಮಾಡಿಸಿ. ಬಿಸಿಲಿಗೆ ಕುಸಿದು ತೊದಲುತ್ತಿರುವವರನ್ನು ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ. ಕಡಿದು ಬಿದ್ದ ಕರೆಂಟ್ ತಂತಿಯ ಹತ್ತಿರ ಸುಳಿಯದೆ ಬೆಸ್ಕಾಂನ 1912ಕ್ಕೆ ತಿಳಿಸಿ.

ಮಾವಿನ ತೋಟದ ಮಾಲೀಕರಲ್ಲಿ, ಗುತ್ತಿಗೆದಾರರಲ್ಲಿ ಕೊನೆಯ ಕೋರಿಕೆ. ಕೊಯ್ಲನ್ನು ಬೆಳಿಗ್ಗೆ ಆರಕ್ಕೆ ಶುರುಮಾಡಿ ಹನ್ನೊಂದಕ್ಕೆ ಮುಗಿಸಿ, ಕೂಲಿ ಮುರಿಯಬೇಡಿ. ಮಜ್ಜಿಗೆಯೋ ಅಂಬಲಿಯೋ ತೋಟದಲ್ಲೇ ಇರಲಿ. ಗುಡುಗಿದರೆ ಯಾವ ಮನೆಗೆ ಓಡಬೇಕೆಂದು ಬಂದವರಿಗೆಲ್ಲ ಮೊದಲೇ ತೋರಿಸಿ, ಆ ಮನೆಯ ಬಾಗಿಲಿಗೆ ಬೀಗ ಹಾಕಬೇಡಿ.