ಬೈಟೂ ಇಲ್ಲದ ಕಾಫಿ
ಹೋದ ಭಾನುವಾರ ಗೆಳೆಯನ ಮಗ ಇಂದಿರಾನಗರದ ಹೊಸ ಕೆಫೆಯೊಂದಕ್ಕೆ ಕರೆದೊಯ್ದ. ಕಾಫಿ ಕೇಳಿದರೆ ಹುಡುಗ ‘ಯಾವ ಎಸ್ಟೇಟ್‌ದು ಸರ್, ಪೋರ್ ಓವರೋ, ಕೋಲ್ಡ್ ಬ್ರೂವೋ?’ ಎಂದ. ಹೆಸರು ಬರೆದುಕೊಂಡ, ಫೋನ್ ನಂಬರೂ ಆಯಿತು; ಗೋತ್ರವೊಂದು ಬಾಕಿ. ಕೊನೆಗೆ ಬಂದದ್ದು ಗಾಜಿನ ಹೂಜಿಯಲ್ಲಿ ಹುಳಿಹುಳಿ ಕಷಾಯ, 320 ರೂಪಾಯಿ, ಮೇಲೆ ತೆರಿಗೆ. ದೇಶದ ಕಾಫಿಯಲ್ಲಿ ಶೇ. 70ರಷ್ಟು ಬೆಳೆಯುವುದು ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದ ಕಡೆಯೇ. ಊರ ಬೀಜವನ್ನೇ ನಮಗೆ ಪರಿಚಯ ಮಾಡಿಸಲು ಇಷ್ಟೊಂದು ಪೀಠಿಕೆ ಬೇಕೆ? ನಮ್ಮ ಬೀದಿಯ ದರ್ಶಿನಿಯಲ್ಲಿ ಕಾಫಿ ಬೆರೆಸುವಾತ ಮಾತೇ ಆಡುವುದಿಲ್ಲ. ಲೋಟದ ತಳಕ್ಕೆ ಎರಡು ಬೆರಳು ಡಿಕಾಕ್ಷನ್, ಅದರ ಮೇಲೆ ಮೊಳದೆತ್ತರದಿಂದ ಕುದಿಹಾಲು. ನೊರೆ ಅಂಚಿಗೆ ಬಂದು ನಿಲ್ಲುತ್ತದೆ, ಒಂದು ಹನಿ ಚೆಲ್ಲದು. ಆ ಕೈಗೆ ಬರಿಸ್ಟಾ ಎಂಬ ಬಿರುದಿಲ್ಲ. ಚಿಕೋರಿ ಬೆರೆಸುತ್ತಾರೆಂದು ತಿಳಿದವರು ಮೂಗು ಮುರಿಯುತ್ತಾರೆ. ಮುರಿಯಲಿ, ಆ ಗಾಢ ಬಣ್ಣ, ನಾಲಿಗೆಯಲ್ಲಿ ನಿಲ್ಲುವ ಕಹಿ ಅದರದ್ದೇ (ನಮ್ಮಮ್ಮ ಪುಡಿ ತರಿಸುವಾಗ ‘ಎಂಬತ್ತು–ಇಪ್ಪತ್ತು’ ಎಂದು ಮಂತ್ರದಂತೆ ಹೇಳಿ ಕಳಿಸುತ್ತಿದ್ದರು). ಹೊರಡುವ ಮುನ್ನ ಕೆಫೆಯ ಹುಡುಗನಿಗೆ ‘ಇನ್ನೊಂದು ಕಾಫಿ, ಬೈಟೂ ಮಾಡಪ್ಪ’ ಎಂದೆ. ಮ್ಯಾನೇಜರನ್ನು ಕೇಳಿಕೊಂಡು ಬಂದ. ಆಗುವುದಿಲ್ಲವಂತೆ.